ಗೊತ್ತಿಲ್ಲ ಎಂದ ಪೂಜಾರಿ

ನಾನು ಹುಟ್ಟಿ ಬೆಳೆದದ್ದು ಅಕ್ಕಿಹೆಬ್ಬಾಳಿನಲ್ಲಿ, ಹೇಮಾವತಿ ದಡದಲ್ಲಿ. ಟೀಚರ್ ಕೆಲಸ ಸಿಕ್ಕಿದ್ದು ಮಾತ್ರ ನಾಗಮಂಗಲದ ಕಡೆ, ಬಿಂಡಿಗನವಿಲೆಯಿಂದ ಮೂರು ಕಿಲೋಮೀಟರು ಒಳಗಿರುವ ಕಮ್ಮಾರಕೊಪ್ಪಲಿನಲ್ಲಿ. ನೀರು ಕಂಡವಳಿಗೆ ಅಲ್ಲಿ ಕಂಡದ್ದು ರಾಗಿ ಹೊಲ, ತೆಂಗಿನ ಮರ, ಕುರಿ ಮಂದೆ. ಶಾಲೆಗೆ ಎರಡು ಕೋಣೆ, ಐದು ತರಗತಿ, ಒಂಬತ್ತು ಮಕ್ಕಳು. ಟೀಚರು ಒಬ್ಬಳೇ, ನಾನು, ಪ್ರಮೀಳಾ.

ನಾನು ಸೇರಿದ ಎರಡನೇ ವಾರ. ಮೂರನೇ ತರಗತಿಗೆ ಏಳರ ಮಗ್ಗಿ ಹೇಳಿಸುತ್ತಿದ್ದೆ. ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಬಿಳೀ ಪಂಚೆ, ಹೆಗಲ ಮೇಲೊಂದು ಟವೆಲು, ಹಣೆಯ ಮೇಲೆ ವಿಭೂತಿ, ಅದರ ನಡುವೆ ಕುಂಕುಮ. ನಲವತ್ತೈದರ ಆಸುಪಾಸು. ಗುಡಿಯ ಚಂದಾ ಕೇಳಲು ಬಂದಿದ್ದಾರೆ ಅಂದುಕೊಂಡೆ.

"ಟೀಚರ್, ನಾನು ಶಿವಪ್ರಕಾಶ್. ಕಾಳಮ್ಮನ ಗುಡಿ ಪೂಜಾರಿ. ಒಂದು ಗಂಟೆ ಇಲ್ಲಿ ಕೂತ್ಕೋಬಹುದಾ?"

"ಯಾಕೆ?"

"ಕೇಳಿಸ್ಕೊಳ್ಳಕ್ಕೆ."

ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ಅವರು ಹೋಗಿ ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಮಕ್ಕಳು ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು ಎಂದು ತೂಗಾಡುತ್ತ ಕಿರುಚಿದರು. ಗಂಟೆ ಹೊಡೆದು ಮಕ್ಕಳು ಊಟಕ್ಕೆ ಓಡಿದ ಮೇಲೆ ಅವರು ಎದ್ದು ನನ್ನ ಹತ್ತಿರ ಬಂದರು.

"ಏಳೇಳ್ಲ ನಲವತ್ತೊಂಬತ್ತು ಅಂತ ಆ ಮಕ್ಕಳಿಗೆ ಹೆಂಗೆ ಗೊತ್ತಾಯ್ತು ಟೀಚರ್?"

"ನಾನು ಹೇಳಿಕೊಟ್ಟೆನಲ್ಲ."

"ನೀವು ಐವತ್ತು ಅಂತ ಹೇಳ್ಕೊಟ್ಟಿದ್ರೆ?"

ನನಗೆ ಸಿಟ್ಟು ಬಂತು. ಗುಡಿಯಲ್ಲಿ ಗಂಟೆ ಅಲ್ಲಾಡಿಸುವವರು ನನಗೆ ಪಾಠ ಹೇಳಲು ಬಂದಿದ್ದಾರಲ್ಲ ಅನ್ನಿಸಿತು. "ನೀವು ಮಂತ್ರ ಹೇಳೋದು ಇನ್ನು ಹೇಗೆ? ಅದೂ ಬಾಯಿಪಾಠ ತಾನೇ?" ಎಂದುಬಿಟ್ಟೆ.

ಅವರ ಮುಖ ಅರಳಿತು. "ಸರಿಯಾದ ಮಾತು! ಅದಕ್ಕೇ ಬಂದೆ," ಎಂದು ಕೈ ಮುಗಿದು ಹೊರಟುಹೋದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಅವರ ಹೆಂಡತಿ ನಾಗಲಕ್ಷ್ಮಮ್ಮನಿಂದ. ಅವತ್ತೇ ಮಧ್ಯಾಹ್ನ ಅವರ ಮನೆಯ ಜಗಲಿಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೇಳಿದ ಕಥೆ.

ಶಿವಪ್ರಕಾಶರ ಅಪ್ಪನೂ ಅದೇ ಗುಡಿಯ ಪೂಜಾರಿ. ವಿಶ್ವಕರ್ಮರ ಗುಡಿ ಅದು. ಊರಿನ ಕಮ್ಮಾರರು, ಬಡಗಿಗಳು, ಅಕ್ಕಸಾಲಿಗಳು ಸೇರಿ ಕಟ್ಟಿಸಿದ್ದು. ಅಪ್ಪ ಮಗನನ್ನು ಎದುರು ಕೂರಿಸಿಕೊಂಡು, ಹುಣಸೆ ಬರಲು ಕೈಯಲ್ಲಿ ಹಿಡಿದು, ಮಂತ್ರ ಬಾಯಿಪಾಠ ಮಾಡಿಸಿದ್ದ. ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಮೊಣಕಾಲಿಗೆ ಏಟು. ಹತ್ತೊಂಬತ್ತನೇ ವಯಸ್ಸಿಗೆ ಹುಡುಗ ಒಬ್ಬನೇ ಗೃಹಪ್ರವೇಶ ಮಾಡಿಸುವಷ್ಟು ತಯಾರಾದ. ಹಾಗೆ ಮೊದಲು ಮಾಡಿಸಿದ್ದು ಚಿಕ್ಕಬೋರಮ್ಮ ಎಂಬ ಮುದುಕಿಯ ಮನೆಯದ್ದು. ಆಕೆ ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಗಾರೆ ಕೆಲಸಕ್ಕೆ ಹೋಗಿ ಎರಡು ಅಂಕಣದ ಮನೆ ಎಬ್ಬಿಸಿದ್ದಳು.

ಪೂಜೆ ಮುಗಿಯಿತು. ಮುದುಕಿ ಬಂದು ಎದುರು ಕೂತು ಕೇಳಿದಳಂತೆ: "ಸಾಮಿ, ಅಷ್ಟೊತ್ತು ಏಳಿದ್ಯಲ್ಲ, ಅದ್ರಾಗೆ ನನ್ನ ಮನೆ ಬಗ್ಗೆ ಏನಂದೆ?"

ಹುಡುಗ ಹೇಳಿದ: "ನಂಗೂ ಗೊತ್ತಿಲ್ಲ ಕಣಜ್ಜಿ."

ಸುತ್ತ ನಿಂತವರು ಗಾಬರಿಯಾದರು. ಚಿಕ್ಕಬೋರಮ್ಮ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಗೊತ್ತಿಲ್ಲ ಅಂದ ಪೂಜಾರೀನ ಇವತ್ತೇ ಕಂಡಿದ್ದು ಕಣ್ಲಾ ಮಗ! ಓಗು, ತಿಳ್ಕಂಡು ಬಂದು ಏಳು, ನಾನಂತೂ ಇಲ್ಲೇ ಇರ್ತೀನಿ."

ಅಪ್ಪನ ಕೈಲಿ ಏಟು ತಿಂದದ್ದಕ್ಕಿಂತ ಆ ನಗು ಹೆಚ್ಚು ತಾಗಿತು. ಅದೇ ತಿಂಗಳು ಹುಡುಗ ಮೈಸೂರಿಗೆ ಹೋದ. ಹಗಲು ಒಂದು ಹಿತ್ತಾಳೆ ಕಾರ್ಖಾನೆಯಲ್ಲಿ ದೀಪದ ಕಂಬ ಉಜ್ಜುವ ಕೆಲಸ, ಸಂಜೆ ಕಾಲೇಜು. ಸಂಸ್ಕೃತ ಕಲಿತ. ಮಂತ್ರದ ಅರ್ಥ ಹುಡುಕುತ್ತ ಹೋದವನಿಗೆ ಅರ್ಥ ಅಂದರೇನು, ತಿಳಿಯುವುದು ಅಂದರೇನು ಎಂಬ ಪ್ರಶ್ನೆಗಳು ಗಂಟುಬಿದ್ದವು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ. ಆ ಓದು ಮುಗಿಯುವ ಮೊದಲೇ, ನಾಲ್ಕನೇ ವರ್ಷ ದಸರಾ ರಜೆಗೆ ಊರಿಗೆ ಬಂದವನು ಚೀಲ ಕೂಡ ಇಳಿಸದೆ ಚಿಕ್ಕಬೋರಮ್ಮನ ಮನೆಗೆ ಹೋಗಿ, ಅವತ್ತಿನ ಮಂತ್ರ ಪೂರ್ತಿ ಕನ್ನಡದಲ್ಲಿ ಹೇಳಿದ. ಈ ಮನೆಗೆ ಗಾಳಿ ಚೆನ್ನಾಗಿ ಬರಲಿ, ಹಸು ಕರು ಸುಖವಾಗಿರಲಿ, ಬಂದವರು ಹಸಿದುಕೊಂಡು ಹೋಗದಿರಲಿ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಇಷ್ಟು ಒಳ್ಳೇ ಮಾತ ಯಾಕ್ರಪ್ಪ ಬಚ್ಚಿಟ್ಕಂಡಿದ್ರಿ?" ಎಂದಳಂತೆ.

ಅಪ್ಪನ ಕಣ್ಣು ಮಂಜಾದ ಮೇಲೆ ಶಿವಪ್ರಕಾಶ್ ಗುಡಿಗೆ ವಾಪಸ್ಸು ಬಂದರು. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಮನೆಯ ಹಿಂದಿನ ಚಪ್ಪರದಲ್ಲಿ ಹಿತ್ತಾಳೆ ದೀಪ ಮಾಡುವುದು. ಇವೆರಡರ ನಡುವೆ ಹೊತ್ತು ಮಿಗುತ್ತಿತ್ತು. "ಆ ಹೊತ್ತಿಗೆ ಇವರಿಗೆ ಕಾಲು ನಿಲ್ಲಲ್ಲ ಟೀಚರ್," ಎಂದರು ನಾಗಲಕ್ಷ್ಮಮ್ಮ. "ನಿಮ್ಮ ಸ್ಕೂಲಿನ ಮಗ್ಗಿ ಕೇಳ್ತಾ ಕೇಳ್ತಾ ಊಟ ಬಿಟ್ಟು ಎದ್ದುಬುಡ್ತಾರೆ. ಇನ್ನೊಂದು ಮಗು ಅರ್ಥ ಇಲ್ದೆ ಬಾಯಿಪಾಠ ಮಾಡ್ತಾ ಐತಲ್ಲ ಅಂತ."

ಮಾರನೇ ದಿನ ನಾನೇ ಗುಡಿಗೆ ಹೋಗಿ, ಊರಿನವರು ಅವರನ್ನು ಕರೆಯುವ ಹಾಗೆಯೇ, "ಬನ್ನಿ ಆಚಾರ್ರೇ, ಒಂದು ವಾರ ನೋಡೋಣ," ಎಂದೆ.

ಅವರು ಬರುವಾಗ ಒಂದು ಚೀಲ ಹುಣಸೆ ಬೀಜ ತಂದರು. ಹೊಂಗೆ ಮರದ ಕೆಳಗೆ ಮಕ್ಕಳನ್ನು ಕೂರಿಸಿ, ಏಳು ಬೀಜದ ಏಳು ಸಾಲು ಜೋಡಿಸಲು ಹೇಳಿದರು. ಎಣಿಸಿದರೆ ನಲವತ್ತೊಂಬತ್ತು. ಆಮೇಲೆ ಆರು ಸಾಲು, ಸಾಲಿಗೆ ಎಂಟು. ನಲವತ್ತೆಂಟು. ನಾಲ್ಕನೇ ತರಗತಿಯ ಭೂಮಿಕ ಎಂಬ ಹುಡುಗಿ, ಎರಡು ಜಡೆಯವಳು, ಬೀಜಗಳನ್ನೇ ದುರುಗುಟ್ಟಿ ನೋಡುತ್ತಿದ್ದಳು. ಐದು ಸಾಲಿಗೆ ಐದೈದು ಇಟ್ಟಳು, ಇಪ್ಪತ್ತೈದು. ನಾಲ್ಕು ಸಾಲಿಗೆ ಆರಾರು ಇಟ್ಟಳು, ಇಪ್ಪತ್ತನಾಲ್ಕು. ತಟ್ಟನೆ ಎದ್ದು ನಿಂತಳು.

"ಆಚಾರ್ರೇ, ಯಾವಾಗ್ಲೂ ಒಂದು ಕಮ್ಮಿ ಬತ್ತದೆ! ಆ ಒಂದು ಎಲ್ಲೋಯ್ತದೆ?"

ಆಚಾರ್ರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಡಿ.ಎಡ್. ಮಾಡಿದ ನನಗೆ ಈ ಪ್ರಶ್ನೆ ಯಾವತ್ತೂ ಬಂದಿರಲಿಲ್ಲ.

"ಗೊತ್ತಿಲ್ಲ ಕಣವ್ವ," ಎಂದರು ಆಚಾರ್ರು. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ. ಹಬ್ಬಕ್ಕೆ ಹೊಸ ಅಂಗಿ ಸಿಕ್ಕಿದವರ ಹಾಗೆ ಇತ್ತು. "ಎಲ್ಲಾರೂ ಸೇರಿ ಹುಡುಕಣ."

ಎರಡು ದಿನ ಹುಡುಕಿದೆವು. ಮೂರನೇ ದಿನ ಬೆಳಿಗ್ಗೆ ಭೂಮಿಕಳೇ ಹಿಡಿದಳು. ಏಳು ಸಾಲಿನಲ್ಲಿ ಒಂದು ಸಾಲು ಕಿತ್ತಳು. ಕೈಯಲ್ಲಿ ಏಳು ಬೀಜ. ಉಳಿದ ಆರು ಸಾಲಿಗೆ ಒಂದೊಂದು ಹಂಚಿದಳು. ಸಾಲುಗಳೆಲ್ಲ ಎಂಟೆಂಟಾದವು, ಕೈಯಲ್ಲಿ ಒಂದು ಬೀಜ ಉಳಿಯಿತು. "ಇಲ್ಲೈತೆ! ನನ್ನ ಕೈಯಾಗೇ ಐತೆ!" ಎಂದು ಅವಳು ಆ ಬೀಜ ಎತ್ತಿ ಹಿಡಿದು ಅಂಗಳದ ತುಂಬ ಓಡಿದಳು. ಉಳಿದ ಎಂಟು ಮಕ್ಕಳೂ ಹಿಂದೆ ಓಡಿದರು. ನನಗೂ ಓಡುವ ಹಾಗಾಯಿತು. ಓಡಿದೆ ಅಂತಲೇ ಇಟ್ಟುಕೊಳ್ಳಿ.

ಅಲ್ಲಿಂದ ಮುಂದೆ ಅವರು ದಿನಾ ಬಂದರು. ಮೇಲಿನವರಿಗೆ ತಿಳಿಸಿ, ಸಂಬಳವಿಲ್ಲದೆ ಸಹಾಯ ಮಾಡುವವರು ಎಂದು ಬರೆಸಿಕೊಂಡೆ. ಅವರದ್ದು ಒಂದೇ ಪದ್ಧತಿ. ದಿನಕ್ಕೊಂದು ಪ್ರಶ್ನೆ ಪ್ರತಿ ಮಗುವೂ ತರಬೇಕು, ಊರಿನಲ್ಲಿ ಯಾರನ್ನಾದರೂ ಕೇಳಿ ಉತ್ತರ ತರಬೇಕು. ಉತ್ತರ ನಿಜವೋ ಸುಳ್ಳೋ ಎಂದು ಕೈಯಾರೆ ಮಾಡಿ ನೋಡಬೇಕು. ಮಕ್ಕಳು ಕುಲುಮೆಗೆ ಹೋಗಿ ಕಾದ ಕುಡುಗೋಲನ್ನು ನೀರಿಗೆ ಯಾಕೆ ಅದ್ದುತ್ತೀರಿ ಎಂದು ಕೇಳಿದರು. ಬಡಗಿಯ ಹತ್ತಿರ ಹೋಗಿ ಹಸಿ ಮರಕ್ಕೂ ಒಣ ಮರಕ್ಕೂ ಸದ್ದು ಯಾಕೆ ಬೇರೆ ಎಂದು ಕೇಳಿದರು.

ಅಭಿ ಎಂಬ ಹುಡುಗ ಕುರಿ ಕಾಯುವ ಬೀರಮ್ಮನನ್ನು ಕೇಳಿದ: "ಅಜ್ಜಿ, ನಿಂಗೆ ಓದಾಕೆ ಬರಕಿಲ್ಲ, ಎಪ್ಪತ್ಮೂರು ಕುರಿ ಎಂಗೆ ಎಣಿಸ್ತೀಯ?"

ಬೀರಮ್ಮ ದೂರು ಹೇಳಲು ಶಾಲೆಗೇ ಬಂದಳು. ಕೈಯಲ್ಲಿ ಕೋಲು, ಹೆಗಲಿಗೆ ಕಂಬಳಿ. "ಏನವ್ವ ಟೀಚರಮ್ಮ, ನಿನ್ನ ಐಕ್ಳು ನನ್ನ ಲೆಕ್ಕಾನೇ ಕೇಳ್ತವೆ, ನಾನೇನು ಕುರಿ ಕದ್ದಿದ್ದೀನಾ?"

ಆಚಾರ್ರು ಅವಳಿಗೆ ಚಾಪೆ ಹಾಕಿ ಕೂರಿಸಿದರು. "ಬೀರಮ್ಮ, ನಂಗೂ ಗೊತ್ತಿಲ್ಲ. ಹೇಳ್ಕೊಡು."

ಮುದುಕಿ ಸುತ್ತಲೂ ಒಮ್ಮೆ ನೋಡಿ, ಬಲಗೈ ಎತ್ತಿದಳು. ಹೆಬ್ಬೆರಳಿನಿಂದ ಉಳಿದ ಬೆರಳಿನ ಗೆಣ್ಣುಗಳನ್ನು ಮುಟ್ಟುತ್ತ ಹೋದಳು. ಒಂದು ಬೆರಳಿಗೆ ಮೂರು ಗೆಣ್ಣು, ನಾಲ್ಕು ಬೆರಳಿಗೆ ಹನ್ನೆರಡು. ಹನ್ನೆರಡಾದರೆ ಎಡಗೈಯ ಒಂದು ಬೆರಳು ಮಡಿಚು. ಐದೂ ಮಡಿಚಿದರೆ ಅರವತ್ತು. ಮತ್ತೆ ಒಂದು ಬೆರಳು ಮಡಿಚಿ, ಕೊನೆಗೆ ಒಂದು ಗೆಣ್ಣು. "ಆ ಕೊನೇದು ನನ್ನ ಟಗರು," ಎಂದಳು. ಅವತ್ತು ನಮ್ಮ ಶಾಲೆಯ ಮಕ್ಕಳು ಹನ್ನೆರಡರ ಮಗ್ಗಿ ಕಲಿತರು. ಇವತ್ತಿನವರೆಗೂ ಒಬ್ಬರೂ ಮರೆತಿಲ್ಲ.

ತೊಂದರೆ ಶುರುವಾದದ್ದು ಗುಡಿಯಲ್ಲಿ. ಗುಡಿ ಕಮಿಟಿಯ ಯಜಮಾನರು ಶ್ರೀನಿವಾಸಯ್ಯ. ನಾಗಮಂಗಲದಲ್ಲಿ ಅಕ್ಕಸಾಲಿ ಅಂಗಡಿ ಇಟ್ಟವರು, ಎಪ್ಪತ್ತು ವರ್ಷ, ಮಾತು ಕಡಿಮೆ, ಮೀಸೆ ಜಾಸ್ತಿ. ಭೂಮಿಕ ಅವರ ಮೊಮ್ಮಗಳು. ಒಂದು ಶುಕ್ರವಾರ ಮಂಗಳಾರತಿ ಹೊತ್ತಿಗೆ, ಸಂಸ್ಕೃತ ಮಂತ್ರ ಕೇಳುತ್ತ ಜನವೆಲ್ಲ ಕೈ ಮುಗಿದು ನಿಂತಿದ್ದಾಗ, ಆ ಹುಡುಗಿ ಗಟ್ಟಿಯಾಗಿ ಕೇಳಿದಳು: "ತಾತ, ಕಾಳಮ್ಮಂಗೆ ಕನ್ನಡ ಬರಕಿಲ್ವಾ?"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗಂಡಸರೂ ನಕ್ಕರು. ಶ್ರೀನಿವಾಸಯ್ಯನವರ ಕಿವಿ ಕೆಂಪಾಯಿತು. ಪೂಜೆ ಮುಗಿದ ಮೇಲೆ ಗುಡಿಯ ಜಗಲಿಯಲ್ಲೇ ಸಭೆ ಸೇರಿಸಿದರು.

"ಶಿವಪ್ರಕಾಶ, ನಮ್ಮಪ್ಪನ ಕಾಲದಿಂದ ಈ ಗುಡೀಲಿ ಇಂಥಾ ಮಾತು ಕೇಳಿರ್ಲಿಲ್ಲ. ಕೆಮ್ಮಿದ್ರೂ ಯಾಕೆ ಕೆಮ್ಮಿದೆ ಅಂತ ಕೇಳ್ತವೆ ಮಕ್ಕಳು. ಪೂಜಾರಿ ಪೂಜೆ ಮಾಡ್ಬೇಕು. ನಿಂಗೆ ಗುಡಿ ಬೇಕೋ, ಸ್ಕೂಲು ಬೇಕೋ, ಒಂದು ಹೇಳು."

ನಾಗಲಕ್ಷ್ಮಮ್ಮ ನನ್ನ ಕೈ ಹಿಡಿದುಕೊಂಡರು. ಅದೇ ವಾರ ನನಗೆ ಇನ್ನೊಂದು ಸುದ್ದಿ ಬಂದಿತ್ತು: ಮಕ್ಕಳ ಸಂಖ್ಯೆ ಹೀಗೇ ಇದ್ದರೆ ಮುಂದಿನ ಜೂನಿಗೆ ನಮ್ಮ ಶಾಲೆಯನ್ನು ಬಿಂಡಿಗನವಿಲೆ ಶಾಲೆಗೆ ಸೇರಿಸಬಹುದು ಅಂತ.

ಆಚಾರ್ರು ಕೈಯಲ್ಲಿದ್ದ ಆರತಿ ತಟ್ಟೆ ಕೆಳಗಿಟ್ಟರು. ಆಮೇಲೆ ಹೇಳಿದರು: "ಯಜಮಾನ್ರೇ, ಸ್ಕೂಲಲ್ಲಿ ನಾವು ಏನು ಮಾಡ್ತೀವಿ ಅಂತ ನೀವು ನೋಡಿಲ್ಲ. ಒಂದಿನ ಬಂದು ನೋಡಿ. ಅವತ್ತು ಮಕ್ಕಳಿಗೆ ಪರೀಕ್ಷೆ ಇಲ್ಲ, ದೊಡ್ಡೋರಿಗೆ ಪರೀಕ್ಷೆ. ಮಕ್ಕಳು ಪ್ರಶ್ನೆ ಕೇಳ್ತಾರೆ, ನೀವು ಉತ್ತರ ಹೇಳಿ. ಆಮೇಲೂ ಬೇಡ ಅನ್ನಿಸಿದ್ರೆ ಗುಡಿ ಬೀಗದ ಕೈ ನಿಮ್ಮ ಕೈಲಿಡ್ತೀನಿ."

"ಇವನೇನ್ಲಾ ನಮಗೇ ಪರೀಕ್ಷೆ ಮಾಡ್ತಾನೆ!" ಎಂದು ಯಾರೋ ಹಿಂದಿನಿಂದ ಕೂಗಿದರು. ಆದರೆ ಊರಿಗೆ ಆಸೆ ಹುಟ್ಟಿಬಿಟ್ಟಿತ್ತು. ಶ್ರೀನಿವಾಸಯ್ಯ ಮೀಸೆ ತಿರುವಿ, "ಆಯ್ತು," ಎಂದರು.

ಸಂಕ್ರಾಂತಿ ಕಳೆದ ಭಾನುವಾರ, ಹತ್ತು ಗಂಟೆ ಬಿಸಿಲು. ಶಾಲೆಯ ಅಂಗಳದಲ್ಲಿ ಊರೇ ನೆರೆದಿತ್ತು. ಊರಿನ ಹಿರಿಯರೊಬ್ಬರು, ಅಂದಾನಯ್ಯನವರು, ಮಜ್ಜಿಗೆ ಹಂಡೆ ಕಳಿಸಿದ್ದರು. ದೊಡ್ಡವರನ್ನು ಸಾಲಾಗಿ ನೆಲದ ಮೇಲೆ ಕೂರಿಸಿದೆವು. ಮಕ್ಕಳಿಗೆ ಕುರ್ಚಿ. ನಿಯಮ ಓದಿ ಹೇಳಿದವಳು ಐದನೇ ತರಗತಿಯ ಪೂಜ: "ಗೊತ್ತಿರೋದ್ನ ನಮಗೆ ಅರ್ಥ ಆಗೋ ಹಂಗೆ ಹೇಳಿದ್ರೆ ಎರಡು ಮಾರ್ಕು. ಗೊತ್ತಿಲ್ಲ ಅಂತ ನಿಜ ಹೇಳಿದ್ರೆ ಒಂದು ಮಾರ್ಕು. ಸುಮ್ನೆ ಬುರುಡೆ ಬುಟ್ರೆ ಸೊನ್ನೆ. ಪಕ್ಕದೋರ್ನ ನೋಡ್ಬಾರ್ದು."

ಮೊದಲು ಎದ್ದವನು ಟ್ರಾಕ್ಟರು ಚಲುವರಾಜು. "ಹಗಲೊತ್ತು ನಕ್ಷತ್ರ ಎಲ್ಲೋಯ್ತವೆ?" ಎಂದು ಒಬ್ಬ ಪುಟ್ಟ ಕೇಳಿದ. ಚಲುವರಾಜು, "ಅವು... ಆ ಕಡೆ ದೇಸಕ್ಕೆ ಓಯ್ತವೆ," ಎಂದ. ಒಂಬತ್ತು ಮಕ್ಕಳೂ ಒಟ್ಟಿಗೆ "ಸೊನ್ನೇ!" ಎಂದು ಕೂಗಿದರು. ಅಂಗಳ ನಗುವಿನಿಂದ ತುಂಬಿ ಹೋಯಿತು. ಚಲುವರಾಜು ತಲೆ ಕೆರೆದುಕೊಂಡು ಕೂತ. ಅವನ ಹೆಂಡತಿ ಯಶೋಧ, "ನಮ್ಮನೇಲೂ ಇಂಗೇಯ ಇವ್ರು," ಎಂದಳು, ಮತ್ತೆ ನಗು.

ಬೀರಮ್ಮನಿಗೆ ಮೋಡ ನೋಡಿ ಮಳೆ ಹೇಗೆ ಹೇಳುತ್ತೀಯ ಎಂದು ಕೇಳಿದರು. ಆಕೆ ಕುರಿ ಗುಂಪುಗೂಡುವುದು, ಇರುವೆ ಮೊಟ್ಟೆ ಹೊತ್ತು ಹೋಗುವುದು, ಗಾಳಿ ಕೆರೆಯ ಕಡೆಯಿಂದ ತಿರುಗುವುದು, ಎಲ್ಲವನ್ನೂ ಬಿಡಿಸಿ ಹೇಳಿ, "ಆದ್ರೂ ಮೂರು ಸಲದಾಗೆ ಒಂದ್ಸಲ ತಪ್ಪೋಯ್ತದೆ," ಎಂದಳು. ಎರಡು ಮಾರ್ಕು.

ಆಮೇಲೆ ಶ್ರೀನಿವಾಸಯ್ಯನವರ ಸರದಿ. ಕೇಳಲು ನಿಂತವಳು ಭೂಮಿಕ.

"ತಾತ, ಚಿನ್ನಾನೂ ಹಿತ್ತಾಳೇನೂ ನೋಡಕ್ಕೆ ಒಂದೇ ಥರ ಅವೆ. ಇದು ಚಿನ್ನ ಅಂತ ನಿಂಗೆ ಹೆಂಗೆ ಗೊತ್ತಾಯ್ತದೆ?"

ಶ್ರೀನಿವಾಸಯ್ಯ ಜುಬ್ಬದ ಜೇಬಿಗೆ ಕೈ ಹಾಕಿ ಕಪ್ಪಗೆ, ನುಣ್ಣಗೆ ಇದ್ದ ಒಂದು ಸಣ್ಣ ಕಲ್ಲು ತೆಗೆದರು. ಒರೆಗಲ್ಲು. ಅದಿಲ್ಲದೆ ಅವರು ಮನೆಯಿಂದ ಹೊರಡುವುದೇ ಇಲ್ಲವಂತೆ. ಬೆರಳಿನ ಉಂಗುರ ಬಿಚ್ಚಿ ಕಲ್ಲಿಗೆ ಉಜ್ಜಿದರು. ಆಚಾರ್ರ ಕೈಯಿಂದ ಒಂದು ಹಿತ್ತಾಳೆ ಚೂರು ಇಸಕೊಂಡು ಅದರ ಪಕ್ಕದಲ್ಲೇ ಉಜ್ಜಿದರು. "ಬನ್ನಿ, ನೋಡಿ," ಎಂದರು.

ಮಕ್ಕಳು ಮುತ್ತಿಕೊಂಡರು. "ಯಾವ ಗೆರೆ ತಣ್ಣಗೆ ಕಾಣ್ತದೆ? ಯಾವ್ದು ಬೆಚ್ಚಗೆ? ಬಿಸಿಲಿಗೆ ಓರೆ ಹಿಡಿ. ಆಂ, ಹಂಗೆ. ಈಗ ನೆರಳಿಗೆ ಹಿಡಿ." ಅವರ ಧ್ವನಿಯೇ ಬದಲಾಗಿತ್ತು. ನೆಲದ ಮೇಲೆ ಮಂಡಿಯೂರಿ ಕೂತರು, ಬಿಳೀ ಪಂಚೆ ಧೂಳಾದದ್ದು ನೋಡಲಿಲ್ಲ. "ನಮ್ಮಪ್ಪ ನಂಗೆ ಇದನ್ನ ಬಾಯಲ್ಲಿ ಹೇಳ್ಲಿಲ್ಲ. ಮೂರು ವರ್ಷ ಬರೀ ಗೆರೆ ನೋಡ್ಸಿದ್ರು. ಒಂದಿನ ನಾನೇ, ಅಪ್ಪ ಇದ್ರಲ್ಲಿ ತಾಮ್ರ ಜಾಸ್ತಿ ಐತೆ ಅಂದೆ. ಅವತ್ತು ಅವರು ನನ್ನ ತಲೆ ಸವರಿದ್ರು." ಅಷ್ಟು ಹೇಳಿ ಕಲ್ಲನ್ನು ಪಂಚೆಯ ಅಂಚಿಗೆ ಒರೆಸಿದರು.

"ನಂಗೂ ಕಲಿಸ್ತೀಯ ತಾತ?" ಎಂದಳು ಭೂಮಿಕ.

ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಆ ಕೆಲಸ ಕಲಿಸಿದ್ದಿಲ್ಲ. ಶ್ರೀನಿವಾಸಯ್ಯ ಒರೆಗಲ್ಲನ್ನು ಮೊಮ್ಮಗಳ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. "ಕಣ್ಣು ನಂಗಿಂತ ಚುರುಕೈತೆ ನಿಂಗೆ. ಕಲ್ತ್ಕೋ."

"ಎರಡು ಮಾರ್ಕು!" ಎಂದು ಪೂಜ ಕೂಗಿದಳು. ಯಾರೋ ಚಪ್ಪಾಳೆ ತಟ್ಟಿದರು, ಊರೆಲ್ಲ ತಟ್ಟಿತು.

ಅಲ್ಲಿಗೇ ಮುಗಿದಿದ್ದರೆ ನನಗೆ ನೆಮ್ಮದಿ. ಆದರೆ ಅಭಿ ಎದ್ದು, "ಆಚಾರ್ರು ಬಾಕಿ ಅವ್ರೆ," ಎಂದ. ಶಿವಪ್ರಕಾಶ್ ನಗುತ್ತಲೇ ಬಂದು ನಿಂತರು. ಅಭಿ ಕೇಳಿದ: "ದೇವ್ರು ಅನ್ನೋನು ನಿಜ್ವಾಗ್ಲೂ ಅವ್ನಾ?"

ಮಜ್ಜಿಗೆ ಲೋಟ ಹಿಡಿದವರ ಕೈ ಅಲ್ಲೇ ನಿಂತಿತು. ಕಮಿಟಿಯವರೆಲ್ಲ ಎದುರಿಗೇ ಕೂತಿದ್ದರು. ಒಂದು ಮಾತು, ಹೌದು ಅಂದರೆ ಸಾಕು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೊತ್ತಿಲ್ಲ ಕಣಪ್ಪ," ಎಂದರು ಆಚಾರ್ರು. "ದಿನಾ ಬೆಳಿಗ್ಗೆ ತಾಯಿಗೆ ನೀರು ಹಾಕಿ, ಹೂವಿಟ್ಟು, ಇದೇ ಪ್ರಶ್ನೇನ ಅವಳನ್ನೇ ಕೇಳ್ತೀನಿ. ಇಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ. ಒಂದು ದಿನಾನೂ ಬೇಜಾರು ಬಂದಿಲ್ಲ. ಕೇಳ್ತಾ ನಿಂತಾಗ ಮನಸ್ಸು ತುಂಬಿ ಬರ್ತದೆ. ಅಷ್ಟು ಮಾತ್ರ ನಂಗೆ ಗೊತ್ತು."

ಬೀರಮ್ಮ ಕೋಲೂರಿ ಎದ್ದಳು. "ಏನವ್ವ ಪೂಜ, ಸುಮ್ನೆ ನಿಂತಿದ್ದೀಯಲ್ಲ. ನಿಜ ಏಳಿದ್ರೆ ಒಂದು ಮಾರ್ಕು ಅಂದಿದ್ದೆ ತಾನೇ? ಆಕವ್ವ."

ಪೂಜ ಬೋರ್ಡಿನ ಮೇಲೆ ಆಚಾರ್ರ ಹೆಸರಿನ ಮುಂದೆ ಒಂದು ಎಂದು ಬರೆದಳು. ಶ್ರೀನಿವಾಸಯ್ಯ ಕನ್ನಡಕ ಏರಿಸಿ ಬೋರ್ಡು ನೋಡಿದರು. ತಮ್ಮ ಹೆಸರು ನೋಡಿದರು, ಪೂಜಾರಿಯ ಹೆಸರು ನೋಡಿದರು. ಅವರ ಮೀಸೆ ಅದುರತೊಡಗಿತು. "ಅಂದ್ರೆ ನಂಗೆ ಎರಡು, ಇವನಿಗೆ ಒಂದು!" ಎಂದು, ನಾನು ಅಲ್ಲಿಯವರೆಗೆ ಕೇಳಿರದಂಥ ದೊಡ್ಡ ನಗು ನಕ್ಕರು. "ಲೇ ಶಿವಪ್ರಕಾಶ, ನಿಂದು ಇನ್ನೂ ಓದೋದು ಐತೆ ಕಣ್ಲಾ. ಸ್ಕೂಲಿಗೆ ಹೋಗ್ತಾ ಇರು. ಗುಡೀಗೂ ಬರ್ತಾ ಇರು."

ಗುಡಿ ಬೀಗದ ಕೈ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮಜ್ಜಿಗೆ ಹಂಡೆ ಎರಡು ಸಲ ಖಾಲಿಯಾಯಿತು.

ಜೂನ್ ತಿಂಗಳಲ್ಲಿ ನಮ್ಮ ಶಾಲೆಯಲ್ಲಿ ಒಟ್ಟು ಇಪ್ಪತ್ತಮೂರು ಮಕ್ಕಳಾದರು. ವ್ಯಾನಿನಲ್ಲಿ ದೂರದ ಶಾಲೆಗೆ ಹೋಗುತ್ತಿದ್ದ ಏಳು ಮಕ್ಕಳು ಅಪ್ಪ ಅಮ್ಮನ ಹತ್ತಿರ ಹಟ ಮಾಡಿ ವಾಪಸ್ಸು ಬಂದಿದ್ದರು. ಪಕ್ಕದ ಹಟ್ಟಿಯಿಂದ ಪುಟ್ಟತಾಯಮ್ಮ ಎಂಬಾಕೆ ಮೂರು ಮೊಮ್ಮಕ್ಕಳನ್ನು ಕರೆತಂದು, "ನಂಗೂ ಒಂದು ಸ್ಲೇಟು ಕೊಡವ್ವ," ಎಂದಳು, ಕೊಟ್ಟೆ. ಶಾಲೆ ಸೇರಿಸುವ ಮಾತು ಅಲ್ಲಿಗೇ ನಿಂತಿತು. ಎರಡನೇ ಟೀಚರನ್ನೂ ಕೊಟ್ಟರು. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಟೀಚರುಗಳು ಬಿಡುವು ಮಾಡಿಕೊಂಡು ಹೊಂಗೆ ಮರದ ಕೆಳಗಿನ ಪಾಠ ನೋಡಲು ಬಂದರು. ಆಚಾರ್ರು ಅವರಿಗೂ ಚಾಪೆ ಹಾಸಿ, ಅವರಿಂದಲೇ ಪ್ರಶ್ನೆ ಕೇಳಿಸಿದರು.

ಈಗ ನನಗೆ ವರ್ಗವಾಗಿದೆ, ಅಕ್ಕಿಹೆಬ್ಬಾಳಿನಲ್ಲೇ ಇದ್ದೇನೆ. ಹೋದ ಆಷಾಢದ ಒಂದು ಶುಕ್ರವಾರ ಕಮ್ಮಾರಕೊಪ್ಪಲಿಗೆ ಹೋಗಿದ್ದೆ. ಆಚಾರ್ರಿಗೆ ಜ್ವರ, ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಗುಡಿಯಲ್ಲಿ ಗಂಟೆ ಬಾರಿಸಿದ ಸದ್ದಾಯಿತು.

"ಪೂಜೆ ಯಾರು ಮಾಡ್ತಿದ್ದಾರೆ?" ಎಂದೆ.

"ಹೋಗಿ ನೋಡಿ," ಎಂದರು.

ಗರ್ಭಗುಡಿಯಲ್ಲಿ ನಾಗಲಕ್ಷ್ಮಮ್ಮ ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಆರತಿ, ಎಡಗೈಯಲ್ಲಿ ಗಂಟೆ. ಒಂದು ಸಾಲು ಸಂಸ್ಕೃತ, ಅದರ ಹಿಂದೆಯೇ ಕನ್ನಡ. ಎದುರಿಗೆ ಶ್ರೀನಿವಾಸಯ್ಯ ಕಣ್ಣು ಮುಚ್ಚಿ ಕೈ ಮುಗಿದಿದ್ದರು. ಪೂಜೆ ಮುಗಿಸಿ ತೀರ್ಥ ಕೊಡುವಾಗ ನಾಗಲಕ್ಷ್ಮಮ್ಮ ನನ್ನನ್ನು ನೋಡಿ, ಹುಡುಗಿಯ ಹಾಗೆ ತುಟಿ ಕಚ್ಚಿ ನಕ್ಕರು.

ವಾಪಸ್ಸು ಜಗಲಿಗೆ ಬಂದೆವು. ಆಚಾರ್ರು ಕಂಬಳಿಯೊಳಗಿಂದ ತಲೆ ಎತ್ತಿ, "ಇಲ್ಲೀವರ್ಗೂ ಕೇಳಿಸ್ತು. ನಂಗಿಂತ ಚೆನ್ನಾಗಿ ಹೇಳಿದ್ಲು ಟೀಚರ್," ಎಂದರು.

"ಸುಮ್ನೆ ಮಲಗ್ರಿ," ಎಂದ ನಾಗಲಕ್ಷ್ಮಮ್ಮ ಅವರ ಹಣೆ ಮುಟ್ಟಿ ನೋಡಿ, ಗಂಜಿ ತರಲು ಒಳಗೆ ಹೋದರು.